ಎರಡು ಕುಲದ ಮಗಳು: ಶಿಲ್ಪಿ ಎಡ್ಮೋನಿಯಾ ಲೂಯಿಸ್

ನೀವು ಎಲ್ಲಿಯವರು, ಮನೆಮಾತು ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹಲವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಅಜ್ಜಿಯದೊಂದು ಭಾಷೆ, ಶಾಲೆಯದು ಇನ್ನೊಂದು, ಬಲಿಪೂಜೆಯದು ಮತ್ತೊಂದು. ಎದುರಿಗಿರುವವರಿಗೆ ಹಿಡಿಸುವುದನ್ನು ಹೇಳಿ ಉಳಿದದ್ದನ್ನು ಮುಚ್ಚಿಡುವ ಆಸೆಯೂ ಒಮ್ಮೊಮ್ಮೆ ಬರುತ್ತದೆ. ಮೃತರನ್ನು ನೆನೆಯುವ ಈ ನವೆಂಬರ್ ತಿಂಗಳಲ್ಲಿ, ತನ್ನ ಮೂಲ ಯಾವುದನ್ನೂ ಮುಚ್ಚಿಡದೆ ಬಾಳಿದ ಒಬ್ಬ ಕಥೋಲಿಕ ಮಹಿಳೆಯ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಎಡ್ಮೋನಿಯಾ ಲೂಯಿಸ್ 1844ರ ಸುಮಾರಿಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದರು. ತಂದೆ ಆಫ್ರಿಕಾ ಮೂಲದವರು. ತಾಯಿ ಒಜಿಬ್ವೆ ಎಂಬ ಮೂಲನಿವಾಸಿ ಜನಾಂಗದ ರಕ್ತವೂ ಆಫ್ರಿಕಾದ ರಕ್ತವೂ ಬೆರೆತ ಮನೆಯವರು. ಆ ಕಾಲದ ಅಮೆರಿಕದಲ್ಲಿ ಕರಿಯರನ್ನು ಗುಲಾಮರಾಗಿ ಮಾರುತ್ತಿದ್ದರು, ಮೂಲನಿವಾಸಿಗಳನ್ನು ಅವರ ನೆಲದಿಂದಲೇ ಓಡಿಸುತ್ತಿದ್ದರು. ಎರಡೂ ಕಡೆಯಿಂದ ಹುಡುಗಿಗೆ ಬಂದದ್ದು ಅವಮಾನದ ಪಾಲೇ.

ಎಳವೆಯಲ್ಲೇ ತಂದೆ ತಾಯಿ ತೀರಿಕೊಂಡರು. ತಾಯಿಯ ಅಕ್ಕತಂಗಿಯರು ನಯಾಗರಾ ಜಲಪಾತದ ಬಳಿ ಅವರನ್ನು ಸಾಕಿದರು. ಬುಟ್ಟಿ ಹೆಣೆದು, ಚರ್ಮದ ಪಾದರಕ್ಷೆ ಹೊಲಿದು ಪ್ರವಾಸಿಗರಿಗೆ ಮಾರುವುದು ಮನೆಯ ಕಸುಬು. ಅಲ್ಲಿ ಅವರನ್ನು ಕರೆಯುತ್ತಿದ್ದ ಹೆಸರಿನ ಅರ್ಥ ಕಾಡ್ಗಿಚ್ಚು. ಚಿನ್ನ ಅರಸಿ ಕ್ಯಾಲಿಫೋರ್ನಿಯಾಕ್ಕೆ ಹೋದ ಅಣ್ಣ ದುಡಿದು ಹಣ ಕಳುಹಿಸಿ ತಂಗಿಯನ್ನು ಓದಿಸಿದ.

1859ರಲ್ಲಿ ಅವರು ಓಬರ್ಲಿನ್ ಕಾಲೇಜಿಗೆ ಸೇರಿದರು. ಹೆಂಗಸರಿಗೂ ಕರಿಯರಿಗೂ ಬಾಗಿಲು ತೆರೆದಿದ್ದ ಕೆಲವೇ ಕಾಲೇಜುಗಳಲ್ಲಿ ಅದೂ ಒಂದು. ಆದರೆ 1862ರಲ್ಲಿ ಜೊತೆಗಿದ್ದ ಇಬ್ಬರು ಬಿಳಿಯ ಹುಡುಗಿಯರಿಗೆ ವಿಷ ಹಾಕಿದರೆಂಬ ಆರೋಪ ಬಂತು. ನ್ಯಾಯಾಲಯ ವಿಚಾರಿಸುವ ಮೊದಲೇ ಒಂದು ರಾತ್ರಿ ಗುಂಪೊಂದು ಅವರನ್ನು ಎಳೆದೊಯ್ದು ಥಳಿಸಿ ಹೊಲದಲ್ಲಿ ಬಿಟ್ಟುಹೋಯಿತು. ಕರಿಯ ವಕೀಲ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ವಾದಿಸಿದರು. ಸಾಕ್ಷ್ಯವಿಲ್ಲದೆ ಪ್ರಕರಣ ಬಿದ್ದುಹೋಯಿತು. ಮರುವರ್ಷ ಕಳ್ಳತನದ ಆರೋಪ, ಅದರಲ್ಲೂ ಬಿಡುಗಡೆ. ಆದರೂ ಕೊನೆಯ ಅವಧಿಗೆ ಕಾಲೇಜು ಅವರನ್ನು ಸೇರಿಸಿಕೊಳ್ಳಲಿಲ್ಲ.

ಪದವಿಯಿಲ್ಲದೆ ಬಾಸ್ಟನ್ನಿಗೆ ಬಂದು ಜೇಡಿಮಣ್ಣಿನಲ್ಲಿ ಮೂರ್ತಿ ಮಾಡಲು ಕಲಿತರು. ಕರಿಯ ಸೈನಿಕರ ದಳವನ್ನು ಮುನ್ನಡೆಸಿ ಯುದ್ಧದಲ್ಲಿ ಮಡಿದ ಕರ್ನಲ್ ರಾಬರ್ಟ್ ಷಾ ಅವರ ಪ್ರತಿಮೆ ಮಾಡಿ, ಅದರ ಪ್ಲಾಸ್ಟರ್ ಪ್ರತಿಗಳನ್ನು ಮಾರಿದರು. ಆ ಹಣದಲ್ಲಿ ಇಟಲಿಗೆ ಹಡಗು ಹತ್ತಿ 1866ರ ಹೊತ್ತಿಗೆ ರೋಮಿನಲ್ಲಿ ನೆಲೆಸಿದರು.

ರೋಮಿನ ಶಿಲ್ಪಿಗಳು ಮಾದರಿಯನ್ನಷ್ಟೇ ಮಾಡಿ ಕಲ್ಲಿನ ಕೆತ್ತನೆಯನ್ನು ಕೂಲಿಯವರಿಗೆ ಬಿಡುವುದು ರೂಢಿ. ಎಡ್ಮೋನಿಯಾ ಬಹುಪಾಲು ತಾವೇ ಉಳಿ ಹಿಡಿದರು. ಹಾಗೆ ಮಾಡದಿದ್ದರೆ ಇದು ಇವಳ ಕೆಲಸವಲ್ಲ ಎಂದು ಜನ ಹೇಳುವರೆಂದು ಅವರಿಗೆ ಗೊತ್ತಿತ್ತು. 1867ರಲ್ಲಿ ಮುರಿದ ಸರಪಳಿಯನ್ನು ಎತ್ತಿಹಿಡಿದ ಗಂಡು, ಪಕ್ಕದಲ್ಲಿ ಮಂಡಿಯೂರಿದ ಹೆಣ್ಣು ಅಮೃತಶಿಲೆಯಲ್ಲಿ ಮೂಡಿದರು: ಅದು ತಂದೆಯ ಕುಲಕ್ಕೆ ಸಲ್ಲಿಸಿದ ಕಾಣಿಕೆ. ಬಾಣ ಮಾಡುವ ಮೂಲನಿವಾಸಿ ಮುದುಕ, ಬಳಿಯಲ್ಲಿ ಚಾಪೆ ಹೆಣೆಯುವ ಮಗಳು: ಇದು ತಾಯಿಯ ಕುಲಕ್ಕೆ. 1875ರಲ್ಲಿ ಕೆತ್ತಿದ್ದು ಹಾಗರಳನ್ನು. ಆದಿಕಾಂಡದ ಆ ಈಜಿಪ್ಟಿನ ದಾಸಿ ಯಜಮಾನರ ಮನೆಯಿಂದ ಹೊರದೂಡಲ್ಪಟ್ಟು, ಬರಿದಾದ ಕೊಡ ಕಾಲಬಳಿ ಉರುಳಿರಲು, ಕೈಜೋಡಿಸಿ ಮೇಲೆ ನೋಡುತ್ತಾಳೆ. ಹೊಲದಲ್ಲಿ ಒಂಟಿಯಾಗಿ ಬಿದ್ದಿದ್ದ ಹುಡುಗಿಗೆ ಹಾಗರಳ ಪಾಡು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ರೋಮಿನಲ್ಲಿ ಅವರು ಭಕ್ತಿಯುಳ್ಳ ಕಥೋಲಿಕರಾಗಿ ಬಾಳಿದರು, ಚರ್ಚುಗಳಿಗಾಗಿಯೂ ಕೆತ್ತಿದರು. ಜಗದ್ಗುರು ಒಂಬತ್ತನೇ ಪಯಸ್ ಅವರ ಶಿಲ್ಪಶಾಲೆಗೆ ಬಂದು ಆಶೀರ್ವದಿಸಿದರೆಂದು ಹೇಳುತ್ತಾರೆ. 1876ರಲ್ಲಿ ಕ್ಲಿಯೋಪಾತ್ರಳ ಮರಣದ ಬೃಹತ್ ಶಿಲ್ಪವನ್ನು ಫಿಲಡೆಲ್ಫಿಯಾದ ವಸ್ತುಪ್ರದರ್ಶನಕ್ಕೆ ಒಯ್ದರು. ಜನ ಮುಗಿಬಿದ್ದು ನೋಡಿದರೂ ಕೊಳ್ಳುವವರು ಸಿಗಲಿಲ್ಲ. ಮುಂದೆ ಅದು ಷಿಕಾಗೋ ಬಳಿ ಒಂದು ಕುದುರೆಯ ಸಮಾಧಿಯ ಮೇಲೆ ನಿಂತಿತು, ಮಳೆಗಾಳಿಗೆ ಸವೆಯಿತು. ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

1907ರ ಸೆಪ್ಟೆಂಬರ್ 17ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಎಡ್ಮೋನಿಯಾ ತೀರಿಕೊಂಡರು. ಕೆನ್ಸಲ್ ಗ್ರೀನಿನ ಸಂತ ಮರಿಯ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಾಯಿತು. ಬಹುಕಾಲ ಅದು ಎಲ್ಲಿದೆಯೆಂಬುದೇ ಜನಕ್ಕೆ ಗೊತ್ತಿರಲಿಲ್ಲ. ದಾಖಲೆ ಹುಡುಕಿದವರಿಂದ ಸ್ಥಳ ತಿಳಿದು, 2017ರಲ್ಲಿ ಸಮಾಧಿಯನ್ನು ಸರಿಪಡಿಸಲಾಯಿತು. 2022ರಲ್ಲಿ ಅಮೆರಿಕ ಅವರ ಅಂಚೆಚೀಟಿ ಹೊರಡಿಸಿತು; ಅದೇ ವರ್ಷ ಓಬರ್ಲಿನ್ ತಾನು ತಡೆಹಿಡಿದಿದ್ದ ಪದವಿಯನ್ನು ಕೊಟ್ಟಿತು.

ಕಲ್ಲಿಲ್ಲದ ಸಮಾಧಿಗಳು ನಮ್ಮ ಸ್ಮಶಾನಗಳಲ್ಲೂ ಇವೆ. ಮೃತರ ದಿನಕ್ಕೆ ಅಲ್ಲಿ ಹುಲ್ಲು ಕೀಳುವಾಗ ಮಕ್ಕಳನ್ನೂ ಕರೆದೊಯ್ಯೋಣ. ಇವರು ಯಾರು, ಎಲ್ಲಿಂದ ಬಂದರು, ಯಾವ ಮಾತಿನಲ್ಲಿ ಜಪಸರ ಹೇಳುತ್ತಿದ್ದರು ಎಂದು ತಿಳಿದಷ್ಟನ್ನು ಹೇಳೋಣ. ಹಿರಿಯರು ಬಡವರಾಗಿದ್ದರೆ, ದಾಸ್ಯದಲ್ಲಿದ್ದರೆ, ಬೇರೆ ಕುಲದಿಂದ ಬಂದಿದ್ದರೆ ಅದನ್ನೂ ಹೇಳೋಣ. ಮರಳುಗಾಡಿನಲ್ಲಿ ಹಾಗರಳ ಅಳು ಕೇಳಿದ ದೇವರಿಗೆ ಅವರೆಲ್ಲರ ಹೆಸರೂ ಗೊತ್ತು.