ತಂತಿಯಲ್ಲಿ ಬೆಸೆದ ಸ್ನೇಹ: ಉಸ್ತಾದ್ ಅಬ್ದುಲ್ ಕರೀಂ ಖಾನ್

ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಕೈಯಲ್ಲಿ ನೀವು ತಂಬೂರಿ ನೋಡಿರುತ್ತೀರಿ. ಅದೇ ಹೆಸರಿನ ದೊಡ್ಡದೊಂದು ವಾದ್ಯ ಸಂಗೀತ ಕಛೇರಿಗಳಲ್ಲಿ ಗಾಯಕರ ಹಿಂದೆ ಮಿಡಿಯುತ್ತಿರುತ್ತದೆ. ತಂತಿವಾದ್ಯಗಳನ್ನು ಮಕ್ಕಳಂತೆ ಜೋಪಾನ ಮಾಡಿ, ಅವುಗಳ ಮೂಲಕವೇ ಭಾಷೆ ಮತ್ತು ಧರ್ಮಗಳ ಗಡಿ ದಾಟಿ ಸ್ನೇಹಿತರನ್ನು ಸಂಪಾದಿಸಿದ ಮಹನೀಯರೊಬ್ಬರಿದ್ದರು. ಅವರೇ ಉಸ್ತಾದ್ ಅಬ್ದುಲ್ ಕರೀಂ ಖಾನ್.

ಉತ್ತರ ಪ್ರದೇಶದ ಕೈರಾನದಲ್ಲಿ 1872ರ ನವೆಂಬರ್ 11ರಂದು ಅವರು ಜನಿಸಿದರು. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾನೆಗೆ ಈ ಊರಿನಿಂದಲೇ ಹೆಸರು ಬಂದಿದೆ. ತಂದೆ ಕಾಲೇ ಖಾನ್. ಮನೆತನವೆಲ್ಲ ಸಂಗೀತಗಾರರದು. ಬಾಲಕ ಕರೀಂ ಹಾಡಿನ ಜೊತೆಗೆ ಸಾರಂಗಿ, ಬೀನ್, ಸಿತಾರ್‌ಗಳನ್ನೂ ಕಲಿತರು. ಯೌವನದಲ್ಲಿ ಬರೋಡಾ ಆಸ್ಥಾನದ ಗಾಯಕರಾದರು. ಅಲ್ಲಿಂದ ಮುಂಬಯಿಗೆ ಹೋಗಿ, ಕೊನೆಗೆ ಮೀರಜ್‌ನಲ್ಲಿ ನೆಲೆ ನಿಂತರು.

ಮೀರಜ್ ತಂತಿವಾದ್ಯಗಳ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳ ಕೆಲಸ ಮಾಡುತ್ತಿದ್ದ ಶಿಕಲಗಾರ ಕುಟುಂಬದ ಫರೀದ್ ಸಾಹೇಬರು ಅಲ್ಲಿ ಸಿತಾರ್ ಮತ್ತು ತಂಬೂರಿ ತಯಾರಿಕೆ ಆರಂಭಿಸಿದರು. ಕತ್ತಿ ಹಿಡಿಯುತ್ತಿದ್ದ ಕೈಗಳು ಸೋರೆಬುರುಡೆ ಕೊರೆದು ನಾದ ಹೊರಡಿಸಿದ್ದು ಎಷ್ಟು ಸುಂದರ ಬದಲಾವಣೆ! ಆ ಕಸುಬು ಅವರ ವಂಶದಲ್ಲಿ ಮುಂದುವರಿಯಿತು. 2024ರಲ್ಲಿ ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ತಂಬೂರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅದರಲ್ಲಿ ರಾಗ ನುಡಿಸುವುದಿಲ್ಲ. ಆದರೂ ಅದನ್ನು ಶ್ರುತಿ ಮಾಡುವುದು ಸುಲಭವಲ್ಲ. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈ ಹದವಾಗಿ ಇಳಿಜಾರಾಗಿರಬೇಕು. ತಂತಿಯ ಕೆಳಗಿಟ್ಟ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೂ ದನಿ ಬದಲಾಗುತ್ತದೆ. ಸವೆದ ಹಳೆಯ ಕುದುರೆಯನ್ನು ಉಜ್ಜಿ ಸರಿಪಡಿಸಲು ಕೈಗಿಂತ ಕಿವಿ ಚುರುಕಾಗಿರಬೇಕು. ಖಾನ್ ಸಾಹೇಬರಿಗೆ ಎರಡೂ ಇದ್ದವು. ಗಾಯನದಲ್ಲಿ ಅಷ್ಟು ಹೆಸರು ಮಾಡಿದ್ದರೂ ವಾದ್ಯಗಳ ದುರಸ್ತಿಯನ್ನು ಕೀಳು ಕೆಲಸವೆಂದು ಅವರು ಭಾವಿಸಲಿಲ್ಲ.

ಈ ಸೂಕ್ಷ್ಮ ಕಿವಿಯೇ ಅವರಿಗೆ ಸ್ನೇಹಿತರನ್ನು ತಂದುಕೊಟ್ಟಿತು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ನಿವೃತ್ತ ಸರ್ಕಾರಿ ಅಧಿಕಾರಿ. ತಂತಿಯ ಉದ್ದ ಅಳೆದು ಇಪ್ಪತ್ತೆರಡು ಶ್ರುತಿಗಳ ಲೆಕ್ಕ ಹುಡುಕುತ್ತಿದ್ದ ಅವರಿಗೆ ಖಾನ್ ಸಾಹೇಬರು ಹಾಡಿ ನೆರವಾದರು. ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಕೂಡ ಈ ಶೋಧನೆಯಲ್ಲಿ ಜೊತೆಗೂಡಿದರು. ಒಬ್ಬ ಮುಸ್ಲಿಂ ಗಾಯಕ, ಒಬ್ಬ ಹಿಂದೂ ಪಂಡಿತ, ಒಬ್ಬ ಆಂಗ್ಲ ಅಧಿಕಾರಿ. ಮೂವರನ್ನೂ ಕೂಡಿಸಿದ್ದು ಒಂದು ತಂತಿ!

ನಮ್ಮ ಕನ್ನಡ ನಾಡಿನೊಂದಿಗೆ ಅವರ ನಂಟು ಇನ್ನೂ ಆಳವಾದುದು. ನಾವು ಹ್ಯಾಂಡ್‌ಪೋಸ್ಟಿನಲ್ಲಿ ಬಸ್ ಹತ್ತಿ ದಸರಾ ನೋಡಲು ಹೋಗುವ ಅದೇ ಮೈಸೂರು ಅರಮನೆಗೆ ಅವರು ಮತ್ತೆ ಮತ್ತೆ ಬಂದು ಹಾಡಿದರು. ಆಸ್ಥಾನವು ಅವರಿಗೆ ಸಂಗೀತ ರತ್ನ ಬಿರುದು ನೀಡಿ ಗೌರವಿಸಿತು. ಅವರು ಕರ್ನಾಟಕ ಸಂಗೀತವನ್ನು ಆದರದಿಂದ ಕೇಳಿ, ತ್ಯಾಗರಾಜರ ಕೃತಿಗಳನ್ನು ಕಲಿತು, ಗ್ರಾಮಫೋನ್ ತಟ್ಟೆಗೂ ಹಾಡಿದರು. ದಕ್ಷಿಣದ ಪ್ರಭಾವದಿಂದ ಅವರ ಸರಗಮ್ ಹೊಸ ರೂಪ ಪಡೆಯಿತು.

ಮೈಸೂರಿಗೆ ಬರುವ ದಾರಿಯಲ್ಲಿ ಧಾರವಾಡ ಸೀಮೆಯ ಕುಂದಗೋಳದಲ್ಲಿ ನಾಡಿಗೇರ ಮನೆತನದವರ ವಾಡೆಯಲ್ಲಿ ಅವರು ತಂಗುತ್ತಿದ್ದರು. ಆ ಊರಿನ ರಾಮಭಾವು ಎಂಬ ಹುಡುಗ ಅವರ ಶಿಷ್ಯನಾದ. ಮುಂದೆ ಸವಾಯಿ ಗಂಧರ್ವ ಎಂದು ಪ್ರಸಿದ್ಧರಾದವರು ಇವರೇ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಶಿಷ್ಯರು. ಕೈರಾನದಿಂದ ಹೊರಟ ನಾದ ಹೀಗೆ ಕನ್ನಡದ ಮನೆಮನೆ ತಲುಪಿತು.

1913ರಲ್ಲಿ ಖಾನ್ ಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಸ್ಥಾಪಿಸಿದರು. ಕಛೇರಿಗಳಿಂದ ಬಂದ ಹಣದಲ್ಲಿ ಅದನ್ನು ನಡೆಸಿದರು. ಬಡ ಮಕ್ಕಳಿಗೆ ಅಲ್ಲಿ ವಿದ್ಯೆಯ ಜೊತೆಗೆ ಊಟ, ವಸತಿಯೂ ಇತ್ತು. ಆದರೆ ಅವರ ಬಾಳು ಸುಖವಾಗಿಯೇ ಸಾಗಲಿಲ್ಲ. ಪತ್ನಿ ತಾರಾಬಾಯಿಯವರು ಮಕ್ಕಳೊಂದಿಗೆ ಅವರಿಂದ ದೂರವಾದರು. ಆ ಮಕ್ಕಳಲ್ಲಿ ಸುರೇಶಬಾಬು ಮಾನೆ ಮತ್ತು ಹೀರಾಬಾಯಿ ಬಡೋದೇಕರ್ ದೊಡ್ಡ ಗಾಯಕರಾದರು. ಒಡೆದುಹೋದ ಮನೆಯ ನೋವನ್ನು ಹೊತ್ತುಕೊಂಡೇ ಖಾನ್ ಸಾಹೇಬರು ಪರರ ಮಕ್ಕಳಿಗೆ ವಿದ್ಯಾದಾನ ಮುಂದುವರಿಸಿದರು.

1937ರ ಅಕ್ಟೋಬರ್‌ನಲ್ಲಿ ಅವರು ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಅಲ್ಲಾಹನನ್ನು ಸ್ಮರಿಸುತ್ತ ಅಲ್ಲಿಯೇ ಕೊನೆಯುಸಿರೆಳೆದರೆಂದು ಹೇಳುತ್ತಾರೆ. ಮೀರಜ್‌ನ ಮೀರಾ ಸಾಹೇಬ್ ದರ್ಗಾದ ಆವರಣದಲ್ಲಿ ಅವರನ್ನು ದಫನ್ ಮಾಡಲಾಯಿತು. ಅಲ್ಲಿನ ಉರುಸಿನಲ್ಲಿ ಜಾತಿಮತ ಭೇದವಿಲ್ಲದೆ ಕಲಾವಿದರು ಬಂದು ಅವರ ನೆನಪಿಗೆ ಹಾಡುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮ ಅಟ್ಟದ ಮೇಲೆ ಹಳೆಯ ಬುಲ್‌ಬುಲ್ ತರಂಗವೋ ಸಿತಾರೋ ಧೂಳು ತಿನ್ನುತ್ತಿದ್ದರೆ ಗುಜರಿಗೆ ಹಾಕಬೇಡಿ. ಅದು ಯಾರದು, ಯಾರೊಡನೆ ಕುಳಿತು ನುಡಿಸುತ್ತಿದ್ದರು ಎಂದು ಅಜ್ಜ, ನಾನಿಯರನ್ನು ಕೇಳಿ. ಆ ವಾದ್ಯದ ಜೊತೆಗೆ ಒಂದು ಹಳೆಯ ಸ್ನೇಹವೂ ನಿಮ್ಮ ಕೈಗೆ ಬರಬಹುದು.