ವಾಸಿಯಾಗದ ಗಾಯ

ತಪ್ಪು ಮಾಡಿ, ಹತ್ತು ಜನರ ಮುಂದೆ ತಲೆ ತಗ್ಗಿಸಿ ನಿಂತವನನ್ನು ದೇವರು ಹೇಗೆ ಕಾಣುತ್ತಾರೆಂದು ಎಂದಾದರೂ ಯೋಚಿಸಿದ್ದೀರಾ? ಜುಲೈ 14ರಂದು ನಾವು ಸ್ಮರಿಸುವ ಸಂತ ಕಮಿಲ್ಲಸ್ ದೆ ಲೆಲ್ಲಿಸ್‌ರವರ ಬಾಳನ್ನೊಮ್ಮೆ ನೋಡಿ.

1550ರಲ್ಲಿ ಇಟಲಿಯ ಬುಕ್ಕಿಯಾನಿಕೋದಲ್ಲಿ ಹುಟ್ಟಿದ ಕಮಿಲ್ಲಸ್ ತಂದೆಯಂತೆಯೇ ಸಿಪಾಯಿಯಾದರು. ಭಾರಿ ಎತ್ತರದ ಆಳು, ಮೂಗಿನ ತುದಿಯಲ್ಲೇ ಕೋಪ, ಜೂಜೆಂದರೆ ಪ್ರಾಣ. ಕಾಲಿನ ಹುಣ್ಣೊಂದು ವಾಸಿಯಾಗದೆ 1571ರಲ್ಲಿ ರೋಮಿನ ಸಂತ ಯಾಕೋಬರ ಆಸ್ಪತ್ರೆ ಸೇರಿ, ಅಲ್ಲೇ ಚಾಕರಿಗೂ ನಿಂತರು. ಜೂಜು, ಜಗಳ ಬಿಡಲಿಲ್ಲ. ಅವರನ್ನು ಹೊರಗೆ ಹಾಕಿದರು. 1574ರಲ್ಲಿ ನೇಪಲ್ಸಿನಲ್ಲಿ ಇದ್ದಬದ್ದದ್ದನ್ನೆಲ್ಲ ಜೂಜಿಗಿಟ್ಟು ಮೈಮೇಲಿನ ಅಂಗಿಯನ್ನೂ ಸೋತರಂತೆ. ಕೊನೆಗೆ ಮನ್ಫ್ರೆದೋನಿಯದ ದೇವಾಲಯದ ಬಾಗಿಲಲ್ಲಿ ಭಿಕ್ಷೆಗೆ ಕೈಯೊಡ್ಡಿದರು. ಸಿಪಾಯಿಯ ಮಗನಿಗೆ ಅದೆಂಥ ನಾಚಿಕೆ!

ಆ ಬಾಗಿಲಲ್ಲೇ ಅವರಿಗೆ ಕಪುಚಿನ್ ಮಠದ ಕಟ್ಟಡದಲ್ಲಿ ಕೂಲಿ ಸಿಕ್ಕಿತು. ಕೆಲಸದ ಮೇಲೆ ಬೇರೊಂದು ಮಠಕ್ಕೆ ಹೋದಾಗ ಅಲ್ಲಿನ ಗುರುಗಳೊಬ್ಬರು ಪಾಪದ ಬಗ್ಗೆ, ದೇವರ ಬಗ್ಗೆ ನಾಲ್ಕು ಮಾತು ಹೇಳಿದರು. ಮರುದಿನ, 1575ರ ಫೆಬ್ರವರಿ 2ರಂದು, ಹಿಂದಿರುಗುವ ದಾರಿಯಲ್ಲೇ ಕಮಿಲ್ಲಸ್ ಮೊಣಕಾಲೂರಿ ಗಳಗಳನೆ ಅತ್ತರು.

ಇನ್ನು ಗಾಯವೂ ಮಾಯಿತು ಅಂದುಕೊಂಡಿರಾ? ಇಲ್ಲ. ಕಪುಚಿನ್ ಸಹೋದರನಾಗಬೇಕೆಂದು ಮಠ ಸೇರಿದರು. ನಿಲುವಂಗಿ ಉಜ್ಜಿ ಹುಣ್ಣು ಮತ್ತೆ ಬಾಯಿ ತೆರೆಯಿತು. ಮಠ ಬಿಡಬೇಕಾಯಿತು. ವಾಸಿಯಾಯಿತೆಂದು ಮತ್ತೆ ಸೇರಿದರು, ಮತ್ತೆ ಅದೇ ಗತಿ. ಪಶ್ಚಾತ್ತಾಪ ಪಟ್ಟವನಿಗೆ ಇದೇನು ಶಿಕ್ಷೆ ಎಂದು ನಮಗನಿಸಬಹುದು. ಆದರೆ ಹುಣ್ಣಿಗೆ ಮದ್ದು ಹಚ್ಚುವ ತಾಯಿ ಮಗು ಚೀರಿತೆಂದು ಕೈ ತೆಗೆಯುವಳೇ?

ಎರಡು ಸಲವೂ ಗಾಯ ಅವರನ್ನು ಕರೆತಂದದ್ದು ತಮ್ಮನ್ನು ಓಡಿಸಿದ್ದ ಅದೇ ಆಸ್ಪತ್ರೆಗೆ! ಕೂಲಿಯಾಳುಗಳು ರೋಗಿಗಳನ್ನು ಅಸಡ್ಡೆಯಿಂದ ನೋಡುವುದನ್ನು ಅವರು ಕಂಡರು. ಹಿಂದೊಮ್ಮೆ ತಾವೂ ಅಲ್ಲಿ ಅಂಥ ಆಳೇ ಆಗಿದ್ದವರಲ್ಲವೇ? ಮುಂದೆ ಅಲ್ಲಿನ ಮೇಲ್ವಿಚಾರಕರಾದರು. ಸಂಬಳಕ್ಕಲ್ಲ, ಪ್ರೀತಿಗಾಗಿ ದುಡಿಯುವ ಸಂಗಡಿಗರನ್ನು ಕೂಡಿಸಿದರು. 1584ರಲ್ಲಿ ಗುರುದೀಕ್ಷೆ ಪಡೆದರು. ಅವರ ಸಂಗಡಿಗರ ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸಲು 1586ರಲ್ಲಿ ಪೋಪ್ ಐದನೆಯ ಸಿಕ್ಸ್ತಸ್ ಅನುಮತಿಯಿತ್ತರು. ಪ್ಲೇಗಿನ ರೋಗಿಗಳ ಸೇವೆಯಲ್ಲಿ ಆ ಸಭೆಯ ಹಲವರು ಪ್ರಾಣ ತೆತ್ತರು.

ಕಾಲಿನ ಗಾಯ 1614ರಲ್ಲಿ ಸಾಯುವವರೆಗೂ ಅವರ ಜೊತೆಗಿತ್ತು. ಅದಕ್ಕೆ ಇನ್ನಷ್ಟು ಕಾಯಿಲೆಗಳು ಸೇರಿದ್ದವು. ಅವನ್ನೆಲ್ಲ ಅವರು ದೇವರ ಕರುಣೆಯ ಲೆಕ್ಕಕ್ಕೇ ಸೇರಿಸುತ್ತಿದ್ದರು. ನಿಲ್ಲಲಾಗದ ದಿನಗಳಲ್ಲೂ ಹಾಸಿಗೆಯಿಂದಿಳಿದು, ತೆವಳಿಕೊಂಡು ಹೋಗಿ, ಪಕ್ಕದ ರೋಗಿಗೆ ಏನಾದರೂ ಬೇಕೇ ಎಂದು ವಿಚಾರಿಸುತ್ತಿದ್ದರು.