ಸಂಖ್ಯೆಗಳ ಸಂನ್ಯಾಸಿ ಮಾರಿನ್ ಮೆರ್ಸೆನ್

ಜಪಮಾಲೆ ಹಿಡಿದ ಕೈಯಲ್ಲೇ ಗಣಿತದ ಲೇಖನಿಯನ್ನೂ ಹಿಡಿದು, ಎರಡನ್ನೂ ದೇವರ ಮಹಿಮೆಗೆ ಅರ್ಪಿಸಿದ ಧರ್ಮಗುರುಗಳಲ್ಲಿ ಫ್ರಾನ್ಸಿನ ವಂದನೀಯ ಮಾರಿನ್ ಮೆರ್ಸೆನ್ ಸ್ವಾಮಿಯವರು ಪ್ರಮುಖರು.

1588ನೆಯ ಇಸವಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮೋತ್ಸವದ ಶುಭದಿನದಲ್ಲಿ, ಅವರು ಶ್ರಮಜೀವಿಗಳ ಕುಟುಂಬವೊಂದರಲ್ಲಿ ಜನಿಸಿದರು. ಲಾ ಫ್ಲೆಷ್ ಪಟ್ಟಣದ ಯೇಸುಸಭೆಯ ಕಾಲೇಜಿನಲ್ಲಿ ಓದಿ, ಪ್ಯಾರಿಸಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ, 1611ರಲ್ಲಿ ಮಿನಿಮ್ ಸಭೆಯನ್ನು ಸೇರಿದರು. ಪಾವೊಲಾದ ಸಂತ ಫ್ರಾನ್ಸಿಸರು ಸ್ಥಾಪಿಸಿದ ಈ ಸಭೆಯವರಿಗೆ ಮಾಂಸ, ಮೊಟ್ಟೆ, ಹಾಲು ಜೀವನಪರ್ಯಂತ ವರ್ಜ್ಯ.

1619ರಿಂದ ಪ್ಯಾರಿಸಿನ ಮಠದ ಅವರ ಕೋಣೆ ಯುರೋಪಿನ ವಿದ್ವಾಂಸರ ಕೂಟಸ್ಥಾನವಾಯಿತು. ವಿಜ್ಞಾನ ಪತ್ರಿಕೆಗಳಿಲ್ಲದ ಆ ಕಾಲದಲ್ಲಿ, ದೆಕಾರ್ತ್, ಫೆರ್ಮಾ ಮೊದಲಾದವರ ಶೋಧನೆಗಳು ಅವರ ಪತ್ರಗಳ ಮೂಲಕವೇ ಒಬ್ಬರಿಂದೊಬ್ಬರಿಗೆ ತಲಪುತ್ತಿದ್ದವು. 1633ರಲ್ಲಿ ಗೆಲಿಲಿಯೊ ಅವರ ವಿರುದ್ಧ ತೀರ್ಪು ಹೊರಬಿದ್ದ ಮರುವರ್ಷವೇ, ಅವರ ಯಂತ್ರಶಾಸ್ತ್ರದ ಗ್ರಂಥವನ್ನು ಸ್ವಾಮಿಯವರು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು.

ಆದರೆ ಅವರ ಹೆಸರನ್ನು ಅಮರಗೊಳಿಸಿದ್ದು ಅವಿಭಾಜ್ಯ ಸಂಖ್ಯೆಗಳು. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ. ಮೂರು ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ 7, ಐದನ್ನು ಗುಣಿಸಿ ಕಳೆದರೆ 31; ಎರಡೂ ಅವಿಭಾಜ್ಯ. ಹನ್ನೊಂದು ಎರಡುಗಳಿಂದ ದೊರೆಯುವ 2047 ಮಾತ್ರ 23 ಮತ್ತು 89ರ ಗುಣಲಬ್ಧ. ಇಂತಹ ಪ್ರತಿಯೊಂದು ಅವಿಭಾಜ್ಯದಿಂದಲೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. ಆರು ದಿನಗಳ ಸೃಷ್ಟಿಯನ್ನು ವಿವರಿಸುವಾಗ ಸಂತ ಅಗಸ್ಟೀನರು ಸ್ಮರಿಸಿದ 6 ಅವುಗಳಲ್ಲಿ ಮೊದಲನೆಯದು. 1, 2, 3 ಎಂಬ ತನ್ನ ಭಾಜಕಗಳ ಮೊತ್ತಕ್ಕೆ ಅದು ಸಮ.

ಎಷ್ಟು ಎರಡುಗಳನ್ನು ಗುಣಿಸಿದರೆ ಅವಿಭಾಜ್ಯ ದೊರೆಯುವುದೆಂದು, 257ರವರೆಗಿನ ಪಟ್ಟಿಯೊಂದನ್ನು ಸ್ವಾಮಿಯವರು 1644ರಲ್ಲಿ ಪ್ರಕಟಿಸಿದರು. ಹದಿನೈದಿಪ್ಪತ್ತು ಅಂಕಿಗಳ ಸಂಖ್ಯೆಯನ್ನು ಪರೀಕ್ಷಿಸಲು ಕಾಲವೇ ಸಾಲದೆಂಬುದನ್ನು ಅವರೇ ಬಲ್ಲವರಾಗಿದ್ದರು. ಪಟ್ಟಿಯಲ್ಲಿ ತಪ್ಪುಗಳಿದ್ದವು: 67 ಮತ್ತು 257 ಸಲ್ಲದವು, 61, 89, 107 ಬಿಟ್ಟುಹೋಗಿದ್ದವು. 67ರಿಂದ ದೊರೆಯುವ ಸಂಖ್ಯೆಯು 193707721 ಮತ್ತು 761838257287ರ ಗುಣಲಬ್ಧವೆಂದು ಅಮೆರಿಕದ ಗಣಿತಜ್ಞ ಕೋಲ್ 1903ರಲ್ಲಿ ತೋರಿಸಿದರು. ಆದರೆ ಪಟ್ಟಿಯಲ್ಲಿದ್ದ 127 ಸರಿಯೆಂದು, ಅದರಿಂದ ದೊರೆಯುವ 39 ಅಂಕಿಗಳ ಸಂಖ್ಯೆಯನ್ನು ಪರೀಕ್ಷಿಸಿ, ಲೂಕಾಸ್ 1876ರಲ್ಲಿ ಸಿದ್ಧಪಡಿಸಿದ್ದರು.

1648ರ ಸೆಪ್ಟೆಂಬರ್ 1ರಂದು, ಅರವತ್ತು ತುಂಬಲು ಒಂದೇ ವಾರವಿರುವಾಗ, ಸ್ವಾಮಿಯವರು ದೈವಾಧೀನರಾದರು. ವಿದ್ಯೆಗೆ ಉಪಯೋಗವಾಗಲೆಂದು ತಮ್ಮ ದೇಹವನ್ನು ವೈದ್ಯರ ಪರೀಕ್ಷೆಗೆ ಒಪ್ಪಿಸುವಂತೆ ಕೇಳಿಕೊಂಡಿದ್ದರು. ಅವರ ಕೋಣೆಯಲ್ಲಿ 78 ಮಂದಿಯ ಪತ್ರಗಳು ದೊರೆತವು.

ಅವರು ತೋರಿದ ದಾರಿಯಲ್ಲಿ ಶೋಧನೆ ನಿಲ್ಲಲಿಲ್ಲ. 2024ರಲ್ಲಿ ಗಣಕಯಂತ್ರಗಳ ನೆರವಿನಿಂದ ದೊರೆತ ಮೆರ್ಸೆನ್ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ. ಪಟ್ಟಿಯ ತಪ್ಪುಗಳನ್ನು ತಿದ್ದಿದವರೂ ಆ ಸಂಖ್ಯೆಗಳಿಗೆ ಅವರ ಹೆಸರನ್ನೇ ಉಳಿಸಿದರು. ತಾನು ಮುಗಿಸಲಾರದ ಕಾರ್ಯವನ್ನು ವಿಶ್ವಾಸದಿಂದ ಆರಂಭಿಸಿ, ಮುಂದಿನವರ ಕೈಗೊಪ್ಪಿಸುವುದೂ ಒಂದು ಸೇವೆಯೇ ಎಂಬುದಕ್ಕೆ ಈ ದೀನ ಸಂನ್ಯಾಸಿಯ ಬಾಳು ಸಾಕ್ಷಿಯಾಗಿದೆ.